ಶಿಕಾಗೋದ ಹಾಲಬರ್ಡ್ ಅಂಡ್ ರೂಟ್: 1880ರಿಂದ ನಡೆದು ಬಂದ ಒಂದು ಆರ್ಕಿಟೆಕ್ಟ್ ಆಫೀಸಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಬಂದ ಹಿರಿಯರನ್ನು ಶಿಕಾಗೋ ಪೇಟೆಗೆ ಕರೆದುಕೊಂಡು ಹೋದರೆ ಎಲ್ಲರೂ ಮೊದಲು ಕೇಳುವುದು ಒಂದೇ ಜಾಗ. ವಿವೇಕಾನಂದರು ಮಾತಾಡಿದ ಕಟ್ಟಡ. ಮಿಶಿಗನ್ ಅವೆನ್ಯೂದಲ್ಲಿರುವ ಆರ್ಟ್ ಇನ್‌ಸ್ಟಿಟ್ಯೂಟ್ ಅದು. 1892ರಲ್ಲಿ ಮೈಸೂರಿಗೆ ಬಂದು ಚಾಮರಾಜ ಒಡೆಯರ ಅತಿಥಿಯಾಗಿದ್ದ ಸ್ವಾಮೀಜಿ, ಮರು ವರ್ಷ ಸೆಪ್ಟೆಂಬರ್‌ನಲ್ಲಿ ಇಲ್ಲಿ ನಿಂತು ಮಾತಾಡಿದರು. ಬಾಗಿಲಲ್ಲಿರುವ ಎರಡು ಕಂಚಿನ ಸಿಂಹಗಳ ಜೊತೆ ಫೋಟೋ ತೆಗೆಸಿಕೊಂಡ ಮೇಲೆ ನಾನು ಎಲ್ಲರನ್ನೂ ಎದುರಿನ ಆಡಮ್ಸ್ ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆಸುತ್ತೇನೆ. ಅಲ್ಲಿಂದ ಶುರುವಾಗುವ ಪ್ರಶ್ನೆಗಳೇ ಇವು. ಬೆಂಗಳೂರಿನಲ್ಲಿ ಬಹಳ ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವನು ನಾನು. ಕಟ್ಟಡಕ್ಕಿಂತ ಅದನ್ನು ಬರೆದ ಆಫೀಸಿನ ಮೇಲೆ ನನಗೆ ಜಾಸ್ತಿ ಆಸೆ.

ಇದು ಯಾವ ಆಫೀಸು? ನಾವು ಹೆಸರೇ ಕೇಳಿಲ್ಲವಲ್ಲ?

ಕೇಳಿರಲಿಕ್ಕಿಲ್ಲ. ಶಿಕಾಗೋ ಅಂದರೆ ಸಲಿವನ್, ಬರ್ನಮ್, ಫ್ರಾಂಕ್ ಲಾಯ್ಡ್ ರೈಟ್, ಆಮೇಲೆ ಮೀಸ್ ವಾನ್ ಡೆರ್ ರೋ, ಇಷ್ಟು ಆರ್ಕಿಟೆಕ್ಟರ ಹೆಸರು ಬರುತ್ತವೆ. ಆದರೆ ಈ ಊರಿನ ನಡುಪೇಟೆಯಲ್ಲಿ, ಅಂದರೆ ಲೂಪ್‌ನಲ್ಲಿ, ನೀವು ಹತ್ತು ನಿಮಿಷ ನಡೆದರೆ ಹಾಲಬರ್ಡ್ ಅವರ ಆಫೀಸಿನ ಕಟ್ಟಡವೊಂದು ಎದುರಾಗದೆ ಇರುವುದಿಲ್ಲ. ನಗರಸಭೆ, ದೊಡ್ಡ ಹೋಟೆಲ್, ಅಂಗಡಿ, ಚರ್ಚು, ಧಾನ್ಯದ ಮಾರುಕಟ್ಟೆ, ಕ್ರೀಡಾಂಗಣ, ಎಲ್ಲವನ್ನೂ ಅವರು ಕಟ್ಟಿದ್ದಾರೆ. 1880ರಲ್ಲಿ ಶುರುವಾದ ಆಫೀಸು ಇನ್ನೂ ಕೆಲಸ ಮಾಡುತ್ತಿದೆ.

ಹೆಸರು ಎಷ್ಟು ಸಲ ಬದಲಾಗಿದೆ?

ಹಲವು ಸಲ. 1880ರಲ್ಲಿ ಹಾಲಬರ್ಡ್ ಅಂಡ್ ಸೈಮಂಡ್ಸ್. ಮರು ವರ್ಷ ಮಾರ್ಟಿನ್ ರೋಚ್ ಸೇರಿದರು, ಮೂವರ ಹೆಸರಾಯಿತು. 1883ರಲ್ಲಿ ಸೈಮಂಡ್ಸ್ ಬಿಟ್ಟರು, ಹಾಲಬರ್ಡ್ ಅಂಡ್ ರೋಚ್ ಆಯಿತು. ಆ ಹೆಸರು 45 ವರ್ಷ ಉಳಿಯಿತು. 1928ರಿಂದ ಹಾಲಬರ್ಡ್ ಅಂಡ್ ರೂಟ್. ನಡುವೆ ಕೆಲವು ವರ್ಷ ಬರ್ಜಿ ಅನ್ನುವ ಪಾಲುದಾರರ ಹೆಸರೂ ಸೇರಿಕೊಂಡಿತ್ತು. ಈ "ರೂಟ್" ಯಾರು ಅನ್ನುವುದರ ಹಿಂದೆ ಒಂದು ಕಥೆ ಇದೆ. ಅದಕ್ಕೆ ಸ್ವಲ್ಪ ಕಾಯಿರಿ.

ಶುರು ಮಾಡಿದವರು ಎಲ್ಲಿ ಕೆಲಸ ಕಲಿತರು?

ಮೂವರೂ ಕಲಿತದ್ದು ಒಂದೇ ಗುರುವಿನ ಹತ್ತಿರ. ವಿಲಿಯಂ ಲಿ ಬ್ಯಾರನ್ ಜೆನ್ನಿ ಅಂತ. ಸಿವಿಲ್ ಯುದ್ಧದಲ್ಲಿ ಸೇನೆಯ ಇಂಜಿನಿಯರ್ ಆಗಿದ್ದವರು. ಸಲಿವನ್ ಮತ್ತು ಬರ್ನಮ್ ಕೂಡ ಅವರ ಆಫೀಸಿನಲ್ಲಿ ಸ್ವಲ್ಪ ಕಾಲ ಇದ್ದು ಹೋದವರೇ.

ವಿಲಿಯಂ ಹಾಲಬರ್ಡ್ ಹುಟ್ಟಿದ್ದು 1854ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಅಪ್ಪ ಸೇನಾಧಿಕಾರಿ. ಮಗನೂ ವೆಸ್ಟ್ ಪಾಯಿಂಟ್ ಸೇನಾ ಶಾಲೆಗೆ ಸೇರಿದ. ಎರಡು ವರ್ಷಕ್ಕೆ ಬಿಟ್ಟು 1875ರಲ್ಲಿ ಶಿಕಾಗೋಕ್ಕೆ ಬಂದ. ಆಗ ಇಲ್ಲಿ ಕೆಲಸಕ್ಕೇನೂ ಬರವಿರಲಿಲ್ಲ. 1871ರ ಅಕ್ಟೋಬರ್‌ನಲ್ಲಿ ಬಿದ್ದ ಬೆಂಕಿಯಲ್ಲಿ 17,000ಕ್ಕೂ ಹೆಚ್ಚು ಕಟ್ಟಡ ಸುಟ್ಟುಹೋಗಿದ್ದವು. ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡಿದ್ದರು. ಇಡೀ ಊರನ್ನು ಮತ್ತೆ ಬರೆಯಬೇಕಾಗಿತ್ತು. ಪೆನ್ಸಿಲ್ ಹಿಡಿಯಲು ಬರುವ ಹುಡುಗರಿಗೆ ಅದು ಶಾಲೆಯೂ ಆಯಿತು, ಅನ್ನವೂ ಆಯಿತು.

ರೋಚ್ ಹುಟ್ಟಿದ್ದು ಕ್ಲೀವ್‌ಲ್ಯಾಂಡ್‌ನಲ್ಲಿ, ಬೆಳೆದದ್ದು ಶಿಕಾಗೋದಲ್ಲಿ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಕೈಯಿಂದಲೇ ವಿದ್ಯೆ ಕಲಿತವರು. ಗಿರಾಕಿ, ಲೆಕ್ಕ, ಕಟ್ಟುವ ವಿಧಾನ ಹಾಲಬರ್ಡ್ ಪಾಲಿಗೆ, ಮುಖಚಹರೆ ಮತ್ತು ಒಳಾಂಗಣ ರೋಚ್ ಪಾಲಿಗೆ. ಸುಮಾರಾಗಿ ಹೀಗೆ ಇಬ್ಬರೂ ಕೆಲಸ ಹಂಚಿಕೊಂಡಿದ್ದರು.

ಸೈಮಂಡ್ಸ್ ಜಗಳ ಮಾಡಿ ಹೋದರಾ?

ಇಲ್ಲ. ಅವರಿಗೆ ಗಿಡಮರದ ಮೇಲೆ ಪ್ರೀತಿ ಹೆಚ್ಚಾಯಿತು. ಆಫೀಸಿಗೆ ಮೊದಲು ಬಂದ ಕೆಲಸಗಳಲ್ಲಿ ಗ್ರೇಸ್‌ಲ್ಯಾಂಡ್ ಸ್ಮಶಾನದ ವಿಸ್ತರಣೆಯೂ ಒಂದು. ಓಸಿಯನ್ ಸೈಮಂಡ್ಸ್ ಅಲ್ಲೇ ಉಳಿದುಬಿಟ್ಟರು. ಅಲ್ಲಿನ ಕಾಡುಗಿಡ, ಪೊದೆ, ಮರಗಳನ್ನೇ ಬೆಳೆಸಿ ಆ ಸ್ಮಶಾನವನ್ನು ಒಂದು ತೋಪು ಮಾಡಿದರು. ಅಮೆರಿಕದ ತೋಟಗಾರಿಕೆ ವಿನ್ಯಾಸದಲ್ಲಿ ಅವರದು ದೊಡ್ಡ ಹೆಸರು. ಸ್ನೇಹ ಮುಂದುವರಿಯಿತು ಅನ್ನಲು ಸಾಕ್ಷಿಯೂ ಅಲ್ಲೇ ಇದೆ. ಸ್ಮಶಾನದೊಳಗಿನ ಚಿಕ್ಕ ಪ್ರಾರ್ಥನಾ ಮಂದಿರವನ್ನು 1888ರಲ್ಲಿ ಬರೆದುಕೊಟ್ಟವರು ಹಾಲಬರ್ಡ್ ಅಂಡ್ ರೋಚ್.

ಸರ್ಕಾರಿ ಕೆಲಸ ಸಿಕ್ಕಿದ್ದು ಹೇಗೆ? ಅಪ್ಪನ ಕಡೆಯಿಂದಲಾ?

ಶಿಕಾಗೋದ ಉತ್ತರಕ್ಕೆ ಸರೋವರದ ದಂಡೆಯಲ್ಲಿ ಫೋರ್ಟ್ ಶೆರಿಡನ್ ಅನ್ನುವ ಹಳೆಯ ಸೇನಾ ನೆಲೆ ಇದೆ. ಅಲ್ಲಿನ 60ಕ್ಕೂ ಹೆಚ್ಚು ಕಟ್ಟಡ ಇವರದೇ. ಹಾಲಬರ್ಡ್ ಅವರ ಅಪ್ಪ ಆ ಕಾಲಕ್ಕೆ ಸೇನೆಯ ಸರಬರಾಜು ಇಲಾಖೆಯ ಮುಖ್ಯಸ್ಥರು. ಪರಿಚಯ ಸಹಾಯಕ್ಕೆ ಬಂದಿದೆ ಅಂತಲೇ ನನಗೆ ಅನ್ನಿಸುತ್ತದೆ. ಆದರೆ ಕೆಲಸ ಚೆನ್ನಾಗಿದೆ. ಹಳದಿ ಇಟ್ಟಿಗೆಯ ಆ ಸಾಲುಮನೆಗಳು ಇವತ್ತಿಗೂ ಗಟ್ಟಿಯಾಗಿವೆ, ಸೇನೆ ಹೋದ ಮೇಲೆ ಸಂಸಾರಗಳು ವಾಸ ಮಾಡುತ್ತಿವೆ.

ಇವರಿಗೆ ಹೆಸರು ತಂದ ಕಟ್ಟಡ ಯಾವುದು?

ಟಕೋಮಾ. 1889ರಲ್ಲಿ ಮುಗಿಯಿತು. ಮ್ಯಾಡಿಸನ್ ಮತ್ತು ಲಸಾಲ್ ಬೀದಿಗಳ ಮೂಲೆಯಲ್ಲಿ 13 ಮಹಡಿ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಊರಿನ ಮೇಸ್ತ್ರಿಗಳ ಮಾತೇ ಸಾಕು. ಮನೆ ಕಟ್ಟಿಸುವಾಗ ಮೇಸ್ತ್ರಿ ಮೊದಲು ಏನು ಕೇಳುತ್ತಾರೆ? "ಲೋಡ್ ಬೇರಿಂಗೋ, ಪಿಲ್ಲರ್ರೋ?" ಲೋಡ್ ಬೇರಿಂಗ್ ಅಂದರೆ ಗೋಡೆಯೇ ಭಾರ ಹೊರಬೇಕು. ಪಿಲ್ಲರ್ ಅಂದರೆ ಕಂಬ ಮತ್ತು ತೊಲೆ ಭಾರ ಹೊರುತ್ತವೆ, ಗೋಡೆ ಬರೀ ಮರೆ. 1880ರವರೆಗೂ ದೊಡ್ಡ ಕಟ್ಟಡಗಳ ಹೊರಗೋಡೆ ಬಹುಮಟ್ಟಿಗೆ ಲೋಡ್ ಬೇರಿಂಗೇ. ಮಹಡಿ ಹೆಚ್ಚಿದಂತೆ ಕೆಳಗಿನ ಗೋಡೆ ದಪ್ಪವಾಗುತ್ತ ಹೋಗುತ್ತದೆ. ಕೊನೆಗೆ ರಸ್ತೆ ಮಟ್ಟದಲ್ಲಿ, ಎಲ್ಲಿ ಬಾಡಿಗೆ ಜಾಸ್ತಿ ಸಿಗಬೇಕೋ ಅಲ್ಲೇ, ಜಾಗವೆಲ್ಲ ಗೋಡೆ ಪಾಲಾಗುತ್ತದೆ.

ಇವರ ಗುರು ಜೆನ್ನಿ 1885ರಲ್ಲಿ ಹೋಮ್ ಇನ್ಶೂರೆನ್ಸ್ ಕಟ್ಟಡದಲ್ಲಿ ಲೋಹದ ಚೌಕಟ್ಟನ್ನು ಬಳಸಿ ದಾರಿ ತೋರಿಸಿದ್ದರು. ಶಿಷ್ಯರು ಟಕೋಮಾದಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಬೀದಿ ಕಡೆಯ ಎರಡು ಮುಖಗಳಲ್ಲಿ ಗೋಡೆ ಭಾರವನ್ನೇ ಹೊರಲಿಲ್ಲ. ಇಟ್ಟಿಗೆ ಮತ್ತು ಟೆರ್ರಾಕೋಟಾ, ಅಂದರೆ ಸುಟ್ಟ ಮಣ್ಣಿನ, ಹೊದಿಕೆ ಚೌಕಟ್ಟಿಗೆ ನೇತುಬಿದ್ದಿತ್ತು. ಒಳಗಡೆ ಮಾತ್ರ ಕೆಲವು ಭಾರದ ಗೋಡೆ ಉಳಿಸಿಕೊಂಡಿದ್ದರು. ಲೋಹದ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿಯುವ ಬದಲು ಕೆಂಪಗೆ ಕಾಯಿಸಿದ ರಿವಿಟ್ ಹೊಡೆದು ಒಂದು ಮಾಡಿದರು. ಹಾಗೆ ಕೂಡಿಸಿದ ಮೊದಲ ಚೌಕಟ್ಟುಗಳಲ್ಲಿ ಇದೊಂದು. ಗೋಡೆ ಕೆಳಗಿಂದಲೇ ಏರಬೇಕು ಅನ್ನುವ ನಿಯಮವೂ ಹೋಯಿತು. ಚೌಕಟ್ಟು ನಿಂತ ಮೇಲೆ ಬೇರೆ ಬೇರೆ ಮಹಡಿಯಲ್ಲಿ ಒಟ್ಟಿಗೇ ಇಟ್ಟಿಗೆ ಕೆಲಸ ನಡೆಸಬಹುದು.

ಟಕೋಮಾ ಈಗಿಲ್ಲ. 40 ವರ್ಷ ಮಾತ್ರ ನಿಂತಿತ್ತು. 1929ರಲ್ಲಿ ಅದಕ್ಕಿಂತ ಎತ್ತರದ ಕಟ್ಟಡ ಬೇಕು ಅಂತ ಕೆಡವಿದರು. ಹಂಪಿಯ ಕಲ್ಲು ನೋಡಿ ಬೆಳೆದ ನಮಗೆ ಇದು ಜೀರ್ಣವಾಗುವುದು ಕಷ್ಟ.

ಮೊನಾಡ್ನಾಕ್ ಮುಂದೆ ಯಾಕೆ ಅಷ್ಟು ಹೊತ್ತು ನಿಲ್ಲಿಸುತ್ತೀರಿ?

ಏಕೆಂದರೆ ಅದು ಒಂದೇ ಕಟ್ಟಡದ ಹಾಗೆ ಕಾಣುವ ಎರಡು ಕಾಲ. ಡಿಯರ್‌ಬಾರ್ನ್ ಮತ್ತು ಜಾಕ್ಸನ್ ಬೀದಿಗಳ ಮೂಲೆಯಲ್ಲಿದೆ. ಉತ್ತರದ ಅರ್ಧ ಬರ್ನಮ್ ಅಂಡ್ ರೂಟ್ ಅವರದು, 1891. ದಕ್ಷಿಣದ ಅರ್ಧ ಹಾಲಬರ್ಡ್ ಅಂಡ್ ರೋಚ್ ಅವರದು, 1893. ಮಾಲೀಕರು ಬಾಸ್ಟನ್‌ನ ಬ್ರೂಕ್ಸ್ ಸೋದರರು. ಪೂರ್ತಿಯಾದಾಗ ಇದು ಜಗತ್ತಿನಲ್ಲೇ ಅತಿ ದೊಡ್ಡ ಆಫೀಸು ಕಟ್ಟಡ.

ಉತ್ತರದ ಅರ್ಧ 16 ಮಹಡಿಯ ಲೋಡ್ ಬೇರಿಂಗ್. ಬುಡದಲ್ಲಿ ಗೋಡೆ 6 ಅಡಿ ದಪ್ಪ. ನಮ್ಮ ಮಲೆನಾಡಿನ ಹಳೇ ಮಣ್ಣಿನ ಗೋಡೆ ಮನೆಯಲ್ಲಿ ಕಿಟಕಿಯ ಗೂಡಿನಲ್ಲಿ ಮಕ್ಕಳು ಕಾಲು ಚಾಚಿ ಕೂರುತ್ತಿದ್ದರಲ್ಲ, ಹಾಗೆ ಇಲ್ಲಿನ ಕಿಟಕಿಗಳು ಆಳದಲ್ಲಿವೆ. ಮೈಮೇಲೆ ಒಂದು ಅಲಂಕಾರವಿಲ್ಲ. ಚಾಚಿಕೊಂಡ ಕೆತ್ತನೆ ಇದ್ದರೆ ಧೂಳು ಕೂರುತ್ತದೆ, ಪಾರಿವಾಳ ಗೂಡು ಕಟ್ಟುತ್ತದೆ ಅಂತ ಮಾಲೀಕ ಪೀಟರ್ ಬ್ರೂಕ್ಸ್ ಕಾಗದ ಬರೆದಿದ್ದರು. ಜಾನ್ ವೆಲ್‌ಬಾರ್ನ್ ರೂಟ್ ಅದನ್ನೇ ಹಿಡಿದು ಇಟ್ಟಿಗೆಯ ಒಂದು ಬೆಟ್ಟ ಬರೆದರು. ಬುಡದಲ್ಲಿ ಸ್ವಲ್ಪ ಅಗಲ, ಮೇಲೆ ಹೋದಂತೆ ಒಳಗೆ ಬಾಗಿ, ತುದಿಯಲ್ಲಿ ಮತ್ತೆ ಮೆಲ್ಲಗೆ ಹೊರಗೆ ಅರಳುತ್ತದೆ.

ಶಿಕಾಗೋದ ನೆಲ ಮೆತ್ತನೆಯ ಜೇಡಿ. ಇಷ್ಟು ಭಾರ ಇಳಿಯದೇ ಇರುತ್ತದಾ? ಕಟ್ಟಡ 8 ಇಂಚು ಕೆಳಗೆ ಕೂರಬಹುದು ಅಂತ ಲೆಕ್ಕ ಹಾಕಿದ್ದರು. ಕಾಲ ಕಳೆದಂತೆ 20 ಇಂಚಿನಷ್ಟು ಕೂತುಬಿಟ್ಟಿತು. ಆದರೂ ಬಿರುಕು ಬಿಟ್ಟು ಬೀಳಲಿಲ್ಲ.

ಈಗ ದಕ್ಷಿಣದ ಅರ್ಧಕ್ಕೆ ಬನ್ನಿ. ಎತ್ತರ ಹೆಚ್ಚುಕಡಿಮೆ ಅದೇ, ಹೊರಗೆ ಚಾಚಿದ ಕಿಟಕಿಗಳ ಅಲೆಯೂ ಅದೇ. ಆದರೆ ಒಳಗಿರುವುದು ಉಕ್ಕಿನ ಚೌಕಟ್ಟು. ಗೋಡೆ ತೆಳ್ಳಗೆ, ಕಿಟಕಿ ಅಗಲ. ಬಾಡಿಗೆಗೆ ಕೊಡುವ ಜಾಗ ಹೆಚ್ಚು, ಭಾರ ಕಡಿಮೆ. ಎರಡರ ನಡುವೆ ಎರಡೇ ವರ್ಷದ ಅಂತರ. ಇಟ್ಟಿಗೆ ಗೋಡೆ ಎಷ್ಟು ಎತ್ತರ ಹೋಗಬಲ್ಲದು ಅನ್ನುವುದಕ್ಕೆ ಉತ್ತರದ ಅರ್ಧ ಉತ್ತರ ಕೊಟ್ಟಿತ್ತು. ಇನ್ನು ಅದರ ಅಗತ್ಯವಿಲ್ಲ ಅಂತ ದಕ್ಷಿಣದ ಅರ್ಧ ತೋರಿಸಿತು. ಕೆಲಸ ಕಲಿಯುವ ಹುಡುಗ ಹುಡುಗಿಯರು ಯಾರೇ ಬಂದರೂ ನಾನು ಆ ಕೂಡುವ ಗೆರೆಯ ಹತ್ತಿರ ನಿಲ್ಲಿಸಿ, ಒಂದು ಕೈ ಆ ಕಡೆ, ಒಂದು ಕೈ ಈ ಕಡೆ ಇಡಿ ಅನ್ನುತ್ತೇನೆ.

ಒಂದೇ ಮಾಲೀಕ, ಅರ್ಧ ಕೆಲಸಕ್ಕೆ ಆರ್ಕಿಟೆಕ್ಟ್ ಬದಲಾಯಿಸಿದ್ದು ಯಾಕೆ?

1891ರ ಜನವರಿ 15ರಂದು ರೂಟ್ ನ್ಯುಮೋನಿಯಾದಿಂದ ತೀರಿಕೊಂಡರು. ಅವರಿಗೆ 41 ವರ್ಷ. ಕಟ್ಟಡ ಇನ್ನೂ ಮುಗಿದಿರಲಿಲ್ಲ. ಜೊತೆಗಾರ ಬರ್ನಮ್ 1893ರ ವಿಶ್ವ ಮೇಳದ ಕೆಲಸದಲ್ಲಿ ಮುಳುಗಿದ್ದರು. ವಿವೇಕಾನಂದರು ಬಂದದ್ದು ಅದೇ ಮೇಳದ ಜೊತೆಗೆ ನಡೆದ ಧರ್ಮ ಸಮ್ಮೇಳನಕ್ಕೆ. ಮುಂದಿನ ಅರ್ಧವನ್ನು ಬ್ರೂಕ್ಸ್ ಸೋದರರು ಹಾಲಬರ್ಡ್ ಅಂಡ್ ರೋಚ್ ಕೈಗೆ ಕೊಟ್ಟರು. ರೂಟ್ ಅವರಿಗೆ ಒಬ್ಬ ಮಗನಿದ್ದ. ಅಪ್ಪ ಹೋದಾಗ ಮೂರು ವರ್ಷದ ಮಗು. ಅವನ ಹೆಸರೂ ಜಾನ್ ವೆಲ್‌ಬಾರ್ನ್ ರೂಟ್.

ಮಾರ್ಕೆಟ್ ಕಟ್ಟಡ ಅಂದರೆ ಸಂತೆಯಾ?

ಅಲ್ಲ! ಈ ಪ್ರಶ್ನೆ ಕೇಳದವರೇ ಇಲ್ಲ. 1670ರ ಸುಮಾರಿಗೆ ಈ ಸೀಮೆಯಲ್ಲಿ ಓಡಾಡಿದ ಫ್ರೆಂಚ್ ಪಾದ್ರಿ ಜಾಕ್ ಮಾರ್ಕೆಟ್ ಅವರ ಹೆಸರು ಇಟ್ಟಿದ್ದಾರೆ. ಆಡಮ್ಸ್ ಮತ್ತು ಡಿಯರ್‌ಬಾರ್ನ್ ಮೂಲೆಯಲ್ಲಿದೆ, 1895ರದು. ನನ್ನ ಮಟ್ಟಿಗೆ ಈ ಆಫೀಸಿನ ಅತ್ಯುತ್ತಮ ಕೆಲಸ ಇದೇ.

ಹೊರಗಿಂದ ನೋಡಿದರೆ ಒಳಗಿನ ಚೌಕಟ್ಟು ಹೇಗಿದೆ ಅಂತ ತಿಳಿಯುತ್ತದೆ. ಕಂಬ ಎಲ್ಲಿದೆಯೋ ಅಲ್ಲಿ ಇಟ್ಟಿಗೆ, ಉಳಿದದ್ದೆಲ್ಲ ಗಾಜು. ಒಳಗೆ ಹೋದರೆ ಎರಡು ಅಂತಸ್ತಿನ ಆರು ಮೂಲೆಯ ಹಜಾರ. ಸುತ್ತಲೂ ಗಾಜಿನ ಮತ್ತು ಮುತ್ತಿನ ಚಿಪ್ಪಿನ ಚಿತ್ರಗಳು. ಟಿಫನಿ ಕಂಪನಿಯವರು ಮಾಡಿದ್ದು. ಪಾದ್ರಿಯ ಪ್ರಯಾಣ, ಇಲ್ಲಿನ ಮೂಲನಿವಾಸಿಗಳನ್ನು ಕಂಡದ್ದು, ಅವರ ಸಾವು, ಎಲ್ಲ ಇದೆ. ಲಿಫ್ಟಿನ ಬಾಗಿಲುಗಳ ಮೇಲೆ ಕಂಚಿನ ಮುಖಗಳು. ಅಲ್ಲಿ ಒಂದು ಕಾಡುಬೆಕ್ಕಿನ ತಲೆಯೂ ಇದೆ. ಅದನ್ನು ಮಾಡಿದ ಎಡ್ವರ್ಡ್ ಕೆಮೀಸ್ ಅವರೇ ಆರ್ಟ್ ಇನ್‌ಸ್ಟಿಟ್ಯೂಟಿನ ಆ ಎರಡು ಸಿಂಹಗಳನ್ನೂ ಮಾಡಿದವರು. ನಾನು ಸಿಂಹದಿಂದ ನಡಿಗೆ ಶುರು ಮಾಡುವುದು ಇದಕ್ಕೇ.

ಆಫೀಸು ಕಟ್ಟಡಕ್ಕೆ ಇಷ್ಟು ಖರ್ಚು ಯಾಕೆ ಮಾಡಿದರು?

ಬ್ರೂಕ್ಸ್ ಸೋದರರ ಪರವಾಗಿ ಶಿಕಾಗೋದಲ್ಲಿ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಓವನ್ ಆಲ್ಡಿಸ್. ಬಹಳ ಜಾಣ ಮನುಷ್ಯ. ಅವರ ಲೆಕ್ಕ ಇಷ್ಟು. ಎರಡನೇ ದರ್ಜೆಯ ಕೋಣೆ ಕಟ್ಟಲು ಮೊದಲ ದರ್ಜೆಯಷ್ಟೇ ಖರ್ಚಾಗುತ್ತದೆ, ಹಾಗಾಗಿ ಎರಡನೇ ದರ್ಜೆ ಕಟ್ಟಲೇಬೇಡಿ. ಬಾಡಿಗೆದಾರ ಕೊಳ್ಳುವುದು ಬೆಳಕು ಮತ್ತು ಗಾಳಿ, ಅದಕ್ಕೆ ಜಾಗ ಬಿಡಿ. ಬಾಗಿಲು, ಹಜಾರ, ಲಿಫ್ಟು, ಮೊದಲು ಕಣ್ಣಿಗೆ ಬೀಳುವ ಇವು ಚೆನ್ನಾಗಿರಲಿ.

ಆ ಪ್ರಕಾರ ಮಾರ್ಕೆಟ್ ಕಟ್ಟಡದ ನಡುವೆ ತೆರೆದ ಅಂಕಣ ಬಿಟ್ಟರು. ನಮ್ಮ ತೊಟ್ಟಿ ಮನೆಯ ತೊಟ್ಟಿಯ ಹಾಗೆ. ಯಾವ ಕೋಣೆಯೂ ಕತ್ತಲಾಗದಂತೆ ಎಲ್ಲ ಕೋಣೆಗೂ ಬೀದಿಯ ಬೆಳಕೋ ಅಂಕಣದ ಬೆಳಕೋ ಸಿಗಬೇಕು. ವಿದ್ಯುತ್ ದೀಪ ಆಗ ಇನ್ನೂ ಮಂದ. ಗುಮಾಸ್ತರು ಕಿಟಕಿಯ ಬೆಳಕಿನಲ್ಲೇ ಲೆಕ್ಕ ಬರೆಯಬೇಕಿತ್ತು. ಬೆಂಗಳೂರಿನಲ್ಲಿ ನಾನು ಬರೆದ ಎಷ್ಟೋ ಪ್ಲಾನಿನಲ್ಲಿ ಆ ತೆರೆದ ಜಾಗವನ್ನೇ ಮೊದಲು ನುಂಗಿ ಹಾಕಿಸುತ್ತಿದ್ದರು. ಕೈ ಬರೆಯುತ್ತಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ.

"ಶಿಕಾಗೋ ಕಿಟಕಿ" ಅಂದರೆ ಏನು?

ನಡುವೆ ದೊಡ್ಡ ಗಾಜು, ಅದು ತೆರೆಯುವುದಿಲ್ಲ. ಎರಡು ಪಕ್ಕದಲ್ಲಿ ಕಿರಿದಾದ, ಮೇಲೆ ಕೆಳಗೆ ಸರಿಸುವ ಕಿಟಕಿ. ನಡುವಿನದು ಬೆಳಕಿಗೆ, ಪಕ್ಕದ್ದು ಗಾಳಿಗೆ. ಇವರೊಬ್ಬರೇ ಕಂಡುಹಿಡಿದರು ಅನ್ನಲಾಗದು. ಆದರೆ ಇವರಷ್ಟು ಸೊಗಸಾಗಿ, ಇಷ್ಟು ಸಲ ಬಳಸಿದವರು ಕಡಿಮೆ. ಸ್ಟೇಟ್ ಮತ್ತು ಮ್ಯಾಡಿಸನ್ ಮೂಲೆಯಲ್ಲಿ 1905ರ ಸುಮಾರಿನ ಶಿಕಾಗೋ ಸೇವಿಂಗ್ಸ್ ಬ್ಯಾಂಕ್ ಕಟ್ಟಡ ನೋಡಿ. ಈಗ ಅಲ್ಲಿ ಕಲಾ ಶಾಲೆಯ ವಿದ್ಯಾರ್ಥಿಗಳ ಹಾಸ್ಟೆಲ್.

ಲೋಹದ ಚೌಕಟ್ಟು ಬೆಂಕಿಗೆ ಬಾಗುವುದಿಲ್ಲವಾ?

ಬಾಗುತ್ತದೆ. 1871ರ ಬೆಂಕಿಯಲ್ಲಿ ಬರಿಯ ಕಬ್ಬಿಣ ಮೇಣದ ಹಾಗೆ ಇಳಿದುಹೋಗಿತ್ತು. ಅದರಿಂದ ಕಲಿತ ಪಾಠ ಸುಟ್ಟ ಮಣ್ಣು. ಕಂಬ, ತೊಲೆಗಳಿಗೆ ಪೊಳ್ಳು ಮಣ್ಣಿನ ಬಿಲ್ಲೆಗಳ ಕವಚ ಹಾಕಿದರು. ಹೊರಗೆ ಚಂದಕ್ಕೆ ಕಾಣುವ ಟೆರ್ರಾಕೋಟಾ ಕೂಡ ಅದೇ ಜಾತಿ. ಮಂಗಳೂರು ಹೆಂಚು ಕಂಡ ನಮಗೆ ಬೆಂದ ಮಣ್ಣಿನ ಗಟ್ಟಿತನವನ್ನು ಯಾರೂ ಹೇಳಿಕೊಡಬೇಕಿಲ್ಲ.

ಗಾಳಿಗೆ? ಶಿಕಾಗೋ ಗಾಳಿ ಅಂದರೆ ಸುಮ್ನೆ ಅಲ್ಲವಲ್ಲ.

ಓಲ್ಡ್ ಕಾಲನಿ ಕಟ್ಟಡ, 1894, 17 ಮಹಡಿ. ಸಣಕಲು, ಉದ್ದ, ಎತ್ತರ. ಗಾಳಿಗೆ ಅಲುಗದಂತೆ ಇಂಜಿನಿಯರ್ ಕೊರಿಡನ್ ಪರ್ಡಿ ಕಂಬ ಕಂಬದ ನಡುವೆ ಉಕ್ಕಿನ ಕಮಾನುಗಳನ್ನು ಕೂರಿಸಿದರು. ಅಮೆರಿಕದ ಎತ್ತರದ ಕಟ್ಟಡದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಮೂಲೆಗಳು ದುಂಡಗೆ, ಕೊಳವೆಯ ಹಾಗಿವೆ. ಕಣ್ಣಿಗೆ ಹಿತ.

ಸಲಿವನ್ ಇವರ ಜೊತೆ ಕೆಲಸ ಮಾಡಿದ್ದಾರಾ?

ಒಂದು ಸಲ. ಮಿಶಿಗನ್ ಅವೆನ್ಯೂದಲ್ಲಿ ಸಾಲಾಗಿ ಮೂರು ಗೇಜ್ ಕಟ್ಟಡಗಳಿವೆ. ಮೂರೂ ಇವರದೇ. ಒಂದರ ಮುಖವನ್ನು ಮಾತ್ರ 1899ರಲ್ಲಿ ಸಲಿವನ್ ಬರೆದರು. ಎಲ್ಲರೂ ಸಲಿವನ್ ಮುಖದ ಫೋಟೋ ತೆಗೆಯುತ್ತಾರೆ. ಪಕ್ಕದ ಎರಡು ಸಾದಾ ಮುಖಗಳನ್ನೂ ಒಂದು ನಿಮಿಷ ನೋಡಿ. ಬೆಳಕು ಅಲ್ಲಿ ಜಾಸ್ತಿ ಒಳಗೆ ಹೋಗುತ್ತದೆ.

ಆಮೇಲೆ ಬರೀ ಆಫೀಸುಗಳನ್ನೇ ಕಟ್ಟಿದರಾ?

1900 ದಾಟಿದ ಮೇಲೆ ಆಫೀಸು ಬಹಳ ದೊಡ್ಡದಾಯಿತು, ಎಲ್ಲ ಬಗೆಯ ಕೆಲಸ ಬಂತು. 1911ರ ನಗರಸಭೆ ಕಟ್ಟಡ ನೋಡಿ. ಒಂದು ಅರ್ಧ ನಗರಕ್ಕೆ, ಇನ್ನೊಂದು ಅರ್ಧ ಕುಕ್ ಕೌಂಟಿಗೆ, ಅಂದರೆ ಶಿಕಾಗೋ ಇರುವ ಜಿಲ್ಲೆಗೆ. ದೈತ್ಯ ಕಂಬಗಳ ಸಾಲು. 2001ರಿಂದ ಅದರ ಚಾವಣಿಯ ಮೇಲೆ ತೋಟವಿದೆ. ಕಂಬಗಳು ನನಗೆ ಸ್ವಲ್ಪ ಬಿಗುಮಾನದವು ಅನ್ನಿಸುತ್ತವೆ. ಚೌಕಟ್ಟನ್ನು ಅಷ್ಟು ಚಂದ ತೋರಿಸಿದ ಕೈಗಳು ಅದನ್ನು ಮುಚ್ಚಿಟ್ಟವಲ್ಲ ಅಂತ ಬೇಸರ.

ಹೋಟೆಲ್‌ಗಳಲ್ಲಿ 1925ರ ಪಾಮರ್ ಹೌಸ್, 1927ರ ಸ್ಟೀವನ್ಸ್. ಸ್ಟೀವನ್ಸ್‌ನಲ್ಲಿ 3,000 ಕೋಣೆ. ಆಗ ಜಗತ್ತಿನಲ್ಲೇ ದೊಡ್ಡ ಹೋಟೆಲ್, ಈಗ ಹಿಲ್ಟನ್.

ಎಲ್ಲಕ್ಕಿಂತ ನನಗೆ ಇಷ್ಟ 1924ರ ಶಿಕಾಗೋ ಟೆಂಪಲ್. 1831ರಿಂದ ಇರುವ ಒಂದು ಮೆಥಡಿಸ್ಟ್ ಕ್ರೈಸ್ತ ಸಭೆಯ ಜಾಗ ನಡುಪೇಟೆಯಲ್ಲಿತ್ತು. ಬಿಟ್ಟು ಹೋಗಲು ಮನಸ್ಸಿಲ್ಲ, ಬೆಲೆಬಾಳುವ ಜಾಗ. ಅದಕ್ಕೆ ಕೆಳಗೆ ಚರ್ಚು, ಮೇಲೆ ಬಾಡಿಗೆಗೆ ಆಫೀಸು, ಅದರ ಮೇಲೆ ಗೋಪುರ. 568 ಅಡಿ. 1930ರವರೆಗೆ ಶಿಕಾಗೋದ ಅತಿ ಎತ್ತರದ ಕಟ್ಟಡ ಅದೇ.

ಸೋಲ್ಜರ್ ಫೀಲ್ಡ್ ಕೂಡ ಇವರದಾ? ಅದು ಹೊಸದಲ್ವಾ?

ಈ ಕ್ರೀಡಾಂಗಣ 1924ರದು. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ಹೆಸರು. ಎರಡೂ ಕಡೆ ಗ್ರೀಕ್ ಕಂಬಗಳ ಸಾಲು. 2003ರಲ್ಲಿ ಅದರೊಳಗೆ ಉಕ್ಕು ಗಾಜಿನ ಹೊಸ ಬಟ್ಟಲನ್ನು ಇಳಿಸಿದರು. 2006ರಲ್ಲಿ ರಾಷ್ಟ್ರೀಯ ಸ್ಮಾರಕದ ಪಟ್ಟ ಹೋಯಿತು. ಕಂಬಗಳು ಇನ್ನೂ ಇವೆ. ನನಗೆ ಅಲ್ಲಿ ಹೋಗಲು ಮನಸ್ಸಾಗುವುದಿಲ್ಲ.

ಕೊನೆಗೂ, ಆ "ರೂಟ್" ಯಾರು?

ಆ ಮೂರು ವರ್ಷದ ಮಗು.

ಹಾಲಬರ್ಡ್ ಅವರ ಮಗ ಜಾನ್ ಹುಟ್ಟಿದ್ದು 1886ರಲ್ಲಿ, ರೂಟ್ ಅವರ ಮಗ 1887ರಲ್ಲಿ. ಇಬ್ಬರೂ ಪ್ಯಾರಿಸ್‌ನ ಎಕೋಲ್ ದೆ ಬೋಜಾರ್ ಅನ್ನುವ ಕಲಾ ಶಾಲೆಯಲ್ಲಿ ಓದಿದರು. ಇಬ್ಬರೂ ಹಾಲಬರ್ಡ್ ಅಂಡ್ ರೋಚ್ ಆಫೀಸಿಗೆ ಸೇರಿದರು, ಮಹಾಯುದ್ಧಕ್ಕೂ ಹೋಗಿ ಬಂದರು. ಹಿರಿಯ ಹಾಲಬರ್ಡ್ 1923ರಲ್ಲಿ ತೀರಿಕೊಂಡರು, ರೋಚ್ 1927ರಲ್ಲಿ. 1928ರಲ್ಲಿ ಬಾಗಿಲ ಮೇಲೆ ಹೊಸ ಹೆಸರು ಬಂತು, ಹಾಲಬರ್ಡ್ ಅಂಡ್ ರೂಟ್.

ಮೊನಾಡ್ನಾಕ್‌ನ ಉತ್ತರದ ಅರ್ಧ ಬರೆದವರ ಮಗ, ದಕ್ಷಿಣದ ಅರ್ಧ ಬರೆದವರ ಮಗ. 37 ವರ್ಷದ ನಂತರ ಇಬ್ಬರೂ ಒಂದೇ ಟೇಬಲ್ಲಿಗೆ ಬಂದರು. ಮೊದಲ ಸಲ ಇದನ್ನು ತಿಳಿದ ದಿನ ನಾನು ರೈಲು ಹತ್ತಿ ಮತ್ತೆ ಆ ಕಟ್ಟಡದ ಮುಂದೆ ಹೋಗಿ ನಿಂತಿದ್ದೆ.

ಮಕ್ಕಳು ಅಪ್ಪಂದಿರಷ್ಟು ಚೆನ್ನಾಗಿ ಕಟ್ಟಿದರಾ?

ಬೇರೆ ಥರ ಕಟ್ಟಿದರು. ಎರಡು ಮೂರು ವರ್ಷದಲ್ಲಿ ಅವರು ಮಾಡಿದ್ದನ್ನು ನೋಡಿದರೆ ಬೆರಗಾಗುತ್ತದೆ. 1928ರಲ್ಲಿ ನದಿ ಹತ್ತಿರ 333 ನಾರ್ತ್ ಮಿಶಿಗನ್. 1929ರಲ್ಲಿ ಡೈಲಿ ನ್ಯೂಸ್ ಪತ್ರಿಕೆಯ ಕಟ್ಟಡ. ಅದರ ಕೆಳಗೆ ರೈಲು ಹಳಿಗಳು! ನೆಲ ರೈಲ್ವೆಯವರದು, ಮೇಲಿನ ಗಾಳಿಯ ಹಕ್ಕು ಮಾತ್ರ ಪತ್ರಿಕೆಯವರದು. ಇಂಜಿನ್ನಿನ ಹೊಗೆಯನ್ನು ಕೊಳವೆಯಲ್ಲಿ ಎಳೆದು ಚಾವಣಿಯಿಂದ ಹೊರಗೆ ಬಿಟ್ಟರು. ಶಿಕಾಗೋದಲ್ಲಿ ಹಾಗೆ ಕಟ್ಟಿದ ಮೊದಲ ಕಟ್ಟಡ ಅದು.

ಅದೇ ವರ್ಷ ಪಾಮೋಲಿವ್ ಕಟ್ಟಡ. ಹೌದು, ಸೋಪಿನ ಕಂಪನಿಯವರದೇ. 37 ಮಹಡಿ, ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯುತ್ತ ಏರುತ್ತದೆ. ಮೇಲೆ ವಿಮಾನಗಳಿಗೆ ದಾರಿ ತೋರಿಸುವ ದೀಪ ಇಟ್ಟು ವಿಮಾನ ಹಾರಿಸುವ ಲಿಂಡ್‌ಬರ್ಗ್ ಅವರ ಹೆಸರು ಕೊಟ್ಟರು.

ಬೋರ್ಡ್ ಆಫ್ ಟ್ರೇಡ್ ಮೇಲಿನ ಮೂರ್ತಿಗೆ ಮುಖ ಇಲ್ಲವಂತೆ, ನಿಜವಾ?

ನಿಜ. ಲಸಾಲ್ ಬೀದಿಯ ಕೊನೆಗೆ ಅಡ್ಡಲಾಗಿ ನಿಂತ ಈ ಕಟ್ಟಡ 1930ರದು, 605 ಅಡಿ. ಗೋಧಿ, ಜೋಳದ ಬೆಲೆ ಗೊತ್ತಾಗುತ್ತಿದ್ದ ಜಾಗ. ಅದಕ್ಕೇ ತುದಿಯಲ್ಲಿ ರೋಮನ್ನರ ಧಾನ್ಯದೇವತೆ ಸೀರಿಸ್. ಶಿಲ್ಪಿ ಜಾನ್ ಸ್ಟಾರ್ಸ್, ಅಲ್ಯೂಮಿನಿಯಂ, 31 ಅಡಿ ಎತ್ತರ. ಅಷ್ಟು ಮೇಲಿನ ಮುಖವನ್ನು ಹತ್ತಿರದಿಂದ ನೋಡುವಷ್ಟು ಎತ್ತರದ ಕಟ್ಟಡ ಅಕ್ಕಪಕ್ಕ ಬರುವುದಿಲ್ಲ ಅಂತ ಮುಖ ಕಡೆಯಲಿಲ್ಲ ಅನ್ನುತ್ತಾರೆ. 35 ವರ್ಷ ಆ ಮಾತು ನಡೆಯಿತು. 1965ರಲ್ಲಿ ಅದಕ್ಕಿಂತ ಎತ್ತರದ ಕಟ್ಟಡ ಶಿಕಾಗೋದಲ್ಲಿ ಎದ್ದಿತು.

1930ರ ಆರ್ಥಿಕ ಕುಸಿತದಲ್ಲಿ ಉಳಿದದ್ದು ಹೇಗೆ?

ಕಷ್ಟದಿಂದ. ನಗರದಲ್ಲಿ ಕಟ್ಟುವುದೇ ನಿಂತುಹೋಯಿತು. ಸಿಕ್ಕಿದ್ದು ಹೆಚ್ಚಾಗಿ ಸರ್ಕಾರಿ ಕೆಲಸ, ಅದೂ ಹೊರ ಊರುಗಳಲ್ಲಿ. ಮಿನೆಸೋಟಾ ರಾಜ್ಯದ ಸೇಂಟ್ ಪಾಲ್ ಊರಿನ ನಗರಸಭೆ ಮತ್ತು ಕೋರ್ಟು ಕಟ್ಟಡ, 1932. ನಾರ್ತ್ ಡಕೋಟಾದ ವಿಧಾನಸೌಧ, 1934. ಇದಕ್ಕೆ ಗುಮ್ಮಟವಿಲ್ಲ. ಬಯಲುಸೀಮೆಯ ಗೋಧಿ ಹೊಲಗಳ ನಡುವೆ ಒಂದು ನೆಟ್ಟನೆಯ ಗೋಪುರ. ಕಾಸು ಕಡಿಮೆ ಇದ್ದಾಗ ಆಡಂಬರ ಬಿಟ್ಟು ಆಫೀಸಿಗೆ ಜಾಗ ಕೊಟ್ಟರು.

ಯುದ್ಧದ ನಂತರದ ಕೆಲಸ ನನ್ನನ್ನು ಅಷ್ಟಾಗಿ ಸೆಳೆಯುವುದಿಲ್ಲ. ಒಳ್ಳೆಯ, ಅಚ್ಚುಕಟ್ಟಾದ ಕೆಲಸ. ಹಾಲಬರ್ಡ್ ಮನೆತನದ ಮೂರನೇ ತಲೆಮಾರೂ ಆಫೀಸಿನಲ್ಲಿ ಇತ್ತು. 1983ರಲ್ಲಿ ಅಮೆರಿಕದ ಆರ್ಕಿಟೆಕ್ಟರ ಸಂಸ್ಥೆ ಇವರಿಗೆ ವರ್ಷದ ಆಫೀಸು ಪ್ರಶಸ್ತಿ ಕೊಟ್ಟಿತು. ಒಬ್ಬ ವ್ಯಕ್ತಿಗಲ್ಲ, ಆಫೀಸಿಗೆ ಕೊಡುವ ಪ್ರಶಸ್ತಿ. ಇವರಿಗೆ ಅದು ಸರಿಯಾಗಿ ಒಪ್ಪುತ್ತದೆ.

ಒಂದೇ ಶೈಲಿ ಇಲ್ಲವಲ್ಲ, ಅದು ದೋಷ ಅಲ್ವಾ?

ಹಾಗೆ ಹೇಳುವವರಿದ್ದಾರೆ. ಚೌಕಟ್ಟು ತೋರಿಸಿದರು, ಆಮೇಲೆ ಗ್ರೀಕ್ ಕಂಬ ಹಾಕಿದರು, ಆಮೇಲೆ ಶಿಕಾಗೋ ಟೆಂಪಲ್‌ನಂಥ ಗೋಥಿಕ್, ಆಮೇಲೆ ಪಾಮೋಲಿವ್‌ನಂಥ ಆರ್ಟ್ ಡೆಕೋ. ನಾನು ಇದನ್ನು ಬೇರೆ ಥರ ನೋಡುತ್ತೇನೆ. ಸಲಿವನ್ ಅವರಂಥ ಪ್ರತಿಭೆ ಒಬ್ಬರ ಜೊತೆಗೇ ಮುಗಿಯಿತು. ಕೊನೆಗಾಲದಲ್ಲಿ ಅವರಿಗೆ ಕೆಲಸವೇ ಇರಲಿಲ್ಲ. ಇಲ್ಲಿ ಹಾಗಲ್ಲ. ಹೊಸಬ ಬಂದು ಹಳಬರ ಪಕ್ಕ ಕೂತ, ಬಾಗಿಲು, ಮೆಟ್ಟಿಲು, ನೀರು ಹೋಗುವ ದಾರಿ, ಕಿಟಕಿಯ ಸಂದು ಬರೆಯಲು ಕಲಿತ, ಇನ್ನೊಬ್ಬನಿಗೆ ಕಲಿಸಿದ. ಶೈಲಿ ಬದಲಾಯಿತು, ಅಚ್ಚುಕಟ್ಟು ಬದಲಾಗಲಿಲ್ಲ. ಆ ಡ್ರಾಫ್ಟ್ಸ್‌ಮನ್‌ಗಳ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಅವರ ಗೆರೆಗಳು ಮಾತ್ರ ಇವೆ.

ಆ ಹಳೆಯ ಡ್ರಾಯಿಂಗುಗಳು ಎಲ್ಲಿವೆ?

ಶಿಕಾಗೋ ಹಿಸ್ಟರಿ ಮ್ಯೂಸಿಯಂನಲ್ಲಿ ಈ ಆಫೀಸಿನ ದೊಡ್ಡ ಸಂಗ್ರಹವಿದೆ. ಕೆಡವಿದ ಕಟ್ಟಡಗಳಿಗೆ ಇನ್ನು ಅದೇ ಮನೆ. ರಿಪಬ್ಲಿಕ್ ಮತ್ತು ಕೇಬಲ್ ಅನ್ನುವ ಎರಡು ಚಂದದ ಕಟ್ಟಡಗಳನ್ನು 1961ರಲ್ಲಿ ಒಂದೇ ವರ್ಷ ಉರುಳಿಸಿದರು. 1973ರಲ್ಲಿ ಮಿಶಿಗನ್ ಸ್ಕ್ವೇರ್ ಹೋಯಿತು. 1976ರಲ್ಲಿ ಲಸಾಲ್ ಹೋಟೆಲ್. ಮಾರ್ಕೆಟ್ ಕಟ್ಟಡ ಉಳಿದದ್ದು ಪುಣ್ಯ. 1975ರಲ್ಲಿ ನಗರ ಅದನ್ನು ಸಂರಕ್ಷಿತ ಕಟ್ಟಡ ಅಂತ ಘೋಷಿಸಿತು. ಆಮೇಲೆ ಅದನ್ನು ಪಡೆದ ಮೆಕ್‌ಆರ್ಥರ್ ಫೌಂಡೇಶನ್ ಒಳ್ಳೆಯ ಕೈಗಳಿಂದ ದುರಸ್ತಿ ಮಾಡಿಸಿತು. ಕಿತ್ತುಹಾಕಿದ್ದ ಮೇಲಿನ ಅಂಚುಪಟ್ಟಿಯನ್ನೂ ಮತ್ತೆ ಮಾಡಿಸಿ ಕೂರಿಸಿತು.

ನಮಗೆ ಒಂದೇ ಮಧ್ಯಾಹ್ನ ಇದೆ. ಅಮ್ಮನಿಗೆ ಮಂಡಿ ನೋವು. ಯಾವುದು ನೋಡೋಣ?

ಸಿಂಹಗಳಿಂದ ಹೊರಡಿ. ಆಡಮ್ಸ್ ಬೀದಿಯಲ್ಲಿ ಪಶ್ಚಿಮಕ್ಕೆ ನಡೆಯಿರಿ. ವಾಬಾಶ್‌ನಲ್ಲಿ ತಲೆಯ ಮೇಲೆ ರೈಲು ಹೋಗುತ್ತದೆ, ಸ್ಟೇಟ್ ದಾಟಿ, ಡಿಯರ್‌ಬಾರ್ನ್ ಮೂಲೆಯಲ್ಲಿ ಬಲಕ್ಕೆ ಮಾರ್ಕೆಟ್ ಕಟ್ಟಡ. ಕೆಲಸದ ದಿನ ಹೋದರೆ ಒಳ್ಳೆಯದು. ಹಜಾರದೊಳಗೆ ಹೋಗಿ ಅಮ್ಮನಿಗೆ ಆ ಚಿತ್ರಗಳನ್ನು ನಿಧಾನವಾಗಿ ತೋರಿಸಿ. ನಂತರ ಎಡಗಡೆ ಕೆಂಪು ಬಣ್ಣದ ದೊಡ್ಡ ಲೋಹದ ಕೊಕ್ಕರೆ ಇರುವ ಅಂಗಳ ದಾಟಿ ಜಾಕ್ಸನ್ ಬೀದಿಗೆ ಬಂದರೆ ಮೊನಾಡ್ನಾಕ್. ಒಳಗೆ ಅಂಗಡಿಗಳ ಓಣಿ ಇದೆ, ಕಾಫಿಯೂ ಸಿಗುತ್ತದೆ. ಅಮ್ಮ ಅಲ್ಲಿ ಕೂರಲಿ. ನೀವು ಹೊರಗೆ ಬಂದು ಡಿಯರ್‌ಬಾರ್ನ್ ಬದಿಯಲ್ಲಿ ದಕ್ಷಿಣಕ್ಕೆ ನಡೆಯುತ್ತ ಗೋಡೆಯ ದಪ್ಪ ನೋಡಿಕೊಂಡು ಹೋಗಿ. ಕಿಟಕಿಗಳು ಇದ್ದಕ್ಕಿದ್ದಂತೆ ಅಗಲವಾಗುತ್ತವೆ. ಅಲ್ಲಿ ನಿಲ್ಲಿ.